ಬಡಾವಣೆಯ ತರಕಾರಿ ತೋಟ: ನೆಲ ಯಾರದು, ಪಾಲು ಯಾರಿಗೆ?



ಬಡಾವಣೆಯ ಒಂದು ತುಂಡು ನೆಲದಲ್ಲಿ ನೆರೆಹೊರೆಯವರು ಕೂಡಿ ತರಕಾರಿ ಬೆಳೆಯುವುದು, ಬೆಳೆದದ್ದನ್ನು ಹಂಚಿಕೊಳ್ಳುವುದು ಇವತ್ತಿನ ಉಪನ್ಯಾಸದ ವಿಷಯ. ಇಂಥ ತೋಟಗಳ ಪರವಾಗಿ ಮಾತಾಡುವವರಲ್ಲಿ ಎರಡು ಬಗೆಯವರಿದ್ದಾರೆ. ಕೆಲವರಿಗೆ ಇದು ಊಟದ ಪ್ರಶ್ನೆ: ಔಷಧಿ ಹೊಡೆಯದ ಸೊಪ್ಪು, ಆಗಷ್ಟೇ ಕಿತ್ತ ಕಾಯಿ, ತರಕಾರಿ ಖರ್ಚಿನಲ್ಲಿ ಒಂದಿಷ್ಟು ಉಳಿತಾಯ. ಇನ್ನು ಕೆಲವರಿಗೆ ಇದು ಬಾಂಧವ್ಯದ ಪ್ರಶ್ನೆ: ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲದ ನಗರದಲ್ಲಿ ಜನ ಒಂದೆಡೆ ಸೇರಲು ಒಂದು ನೆಪ. ಎರಡು ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ತೋಟವನ್ನು ಒಳ್ಳೆಯ ಮನಸ್ಸಿನ ಫಲವೆಂದು ನಂಬುತ್ತಾರೆ. ಆಸಕ್ತರು ನಾಲ್ಕು ಜನ ಸೇರಿದರೆ ಉಳಿದದ್ದು ತಾನಾಗಿ ಆಗುತ್ತದೆ ಎಂದುಕೊಳ್ಳುತ್ತಾರೆ. ಬೇರೆ ದೇಶಗಳ ನಗರಗಳಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದು ಬಂದದ್ದನ್ನು ನೋಡಿದರೆ ಈ ನಂಬಿಕೆಗೆ ಆಧಾರ ಸಿಗುವುದಿಲ್ಲ. ಕೂಡಿ ಬೆಳೆಯುವ ತೋಟಗಳು ದೀರ್ಘಕಾಲ ಬಾಳಿದ ಕಡೆ ನೆಲದ ಮೇಲೆ ಬರಹದಲ್ಲಿರುವ ಹಕ್ಕು ಇತ್ತು. ನೀರು, ದುಡಿಮೆ, ಪಾಲುಗಳ ಬಗ್ಗೆ ಬೆಳೆಯುವವರೇ ಮಾಡಿಕೊಂಡ ಕಟ್ಟಳೆ ಇತ್ತು. ಇವು ಇಲ್ಲದ ಕಡೆ ಎಷ್ಟೇ ಉತ್ಸಾಹವಿದ್ದರೂ ತೋಟಕ್ಕೆ ಉಳಿಗಾಲವಿರಲಿಲ್ಲ. ನಮ್ಮ ನಗರಗಳು ಇಂಥ ತೋಟಗಳಿಗೆ ಬೀಜದ ಪೊಟ್ಟಣ ಹಂಚುವುದಕ್ಕೆ ಮೊದಲು ಕರಾರುಪತ್ರ ಬರೆದುಕೊಡಬೇಕು ಎಂಬುದು ನನ್ನ ವಾದ.

ಮೊದಲು ಅಳತೆಯ ಮಾತು ಮುಗಿಸಿಬಿಡೋಣ. ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ವರ ಮನೆಗೆ ಅದು ವರ್ಷಕ್ಕೆ 580 ಕಿಲೊ ದಾಟುತ್ತದೆ. ಬ್ರಿಟನ್ನಿನ ಪುರಸಭೆಗಳು ಒಂದು ಕುಟುಂಬದ ತರಕಾರಿಗೆಂದು ಬಾಡಿಗೆಗೆ ಕೊಡುವ ತುಂಡಿನ ವಾಡಿಕೆಯ ಅಳತೆ ಸುಮಾರು 250 ಚದರ ಮೀಟರ್; ನಮ್ಮ 30-40ರ ಎರಡು ನಿವೇಶನಗಳಿಗಿಂತ ಹೆಚ್ಚು. ಇನ್ನೂರು ಮನೆಗಳ ಬಡಾವಣೆ ಈ ಅಳತೆಯಲ್ಲಿ ತನ್ನ ತರಕಾರಿಯನ್ನೆಲ್ಲ ತಾನೇ ಬೆಳೆದುಕೊಳ್ಳಲು ಹೊರಟರೆ, ಮನೆಗಳು ನಿಂತ ನೆಲದ ಎರಡರಷ್ಟು ನೆಲ ಬೇರೆ ಬೇಕಾಗುತ್ತದೆ. ಇದು ಆಗುವ ಮಾತಲ್ಲ. ಆರೋಗ್ಯದ ವಿಷಯಕ್ಕೂ ಹತ್ತಿರದ ಸಾಕ್ಷ್ಯವಿದೆ. ಅಮೆರಿಕದ ಡೆನ್ವರ್ ನಗರದಲ್ಲಿ 291 ವಯಸ್ಕರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆ ವರ್ಷವೇ ಸಮುದಾಯ ತೋಟದಲ್ಲಿ ಪಾತಿ ಕೊಟ್ಟು, ಇನ್ನೊಂದು ಗುಂಪನ್ನು ಕಾಯಿಸಿ ಅಧ್ಯಯನ ಮಾಡಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ತೋಟ ಮಾಡಿದವರು ದಿನಕ್ಕೆ 1.41 ಗ್ರಾಂ ನಾರಿನಂಶ ಹೆಚ್ಚು ತಿಂದಿದ್ದರು, ಅವರ ಮೈ ಸ್ವಲ್ಪ ಹೆಚ್ಚು ದುಡಿದಿತ್ತು, ಮನಸ್ಸಿನ ಒತ್ತಡ ಸ್ವಲ್ಪ ಇಳಿದಿತ್ತು. ಲಾಭ ನಿಜವಾದದ್ದು, ಪ್ರಮಾಣ ಚಿಕ್ಕದು. ಆದ್ದರಿಂದ ಬಡಾವಣೆಯ ತೋಟ ನಗರದ ಹಸಿವು ನೀಗಿಸುತ್ತದೆ ಎಂದು ಸಾರುವುದನ್ನು ನಾವು ಬಿಡಬೇಕು. ಹಾಗೆ ಸಾರಿದ ತೋಟವನ್ನು ಒಂದಲ್ಲ ಒಂದು ದಿನ ಯಾರಾದರೂ ತಕ್ಕಡಿ ತಂದು ತೂಗುತ್ತಾರೆ, ಆಗ ಅದು ಸೋಲುತ್ತದೆ.

ಹಾಗಾದರೆ ಹಂಚಿಕೆಯ ಮಾತು ತರಕಾರಿಗೇ ಯಾಕೆ ಹೊಂದುತ್ತದೆ? ಕಾರಣ ಬೆಳೆಯ ಗುಣದಲ್ಲೇ ಇದೆ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕೂಡಿಡಬಹುದಾದ ಧಾನ್ಯ ಸಾಲ ಕೊಡಲೂ ಬರುತ್ತದೆ, ಬೆಲೆ ಏರುವ ತನಕ ಕಾಯಲೂ ಬರುತ್ತದೆ, ಒಬ್ಬನ ಕಣಜ ತುಂಬಿ ಇನ್ನೊಬ್ಬನ ಮನೆ ಬರಿದಾಗಲೂ ಬರುತ್ತದೆ. ದಂಟಿನ ಸೊಪ್ಪಿಗೆ ಈ ಶಕ್ತಿಯಿಲ್ಲ. ಕಿತ್ತ ಮರುದಿನ ಬಾಡುತ್ತದೆ. ಹೀರೆ, ಸೋರೆ, ಪಡವಲದಂಥ ಬಳ್ಳಿಗಳು ತಿಂಗಳುಗಟ್ಟಲೆ ಏನೂ ಕೊಡದೆ ಹಬ್ಬಿ, ಆಮೇಲೆ ಒಮ್ಮೆಗೇ ಸುರಿಯುತ್ತವೆ. ಎರಡು ದಿನ ಕೀಳದಿದ್ದರೆ ಕಾಯಿ ಬಲಿತು ನಾರಾಗುತ್ತದೆ. ಸೀಮೆಬದನೆಯನ್ನೇ ನೋಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಬೆಂಗಳೂರಿಗೆ ಪರಿಚಯಿಸಿದ ಈ ಬಳ್ಳಿ ಒಂದು ಚಪ್ಪರ ತುಂಬಿದರೆ ಒಂದು ಮನೆಗೆ ತಿಂದು ಮುಗಿಸಲಾಗದಷ್ಟು ಕಾಯಿ ಬಿಡುತ್ತದೆ. ಬಾಳಕ, ಉಪ್ಪಿನಕಾಯಿ ಎಂದು ಸ್ವಲ್ಪ ಉಳಿಸಿಕೊಳ್ಳಬಹುದು, ಅಷ್ಟೇ. ಉಳಿದದ್ದು ಕೊಳೆಯಬೇಕು ಇಲ್ಲವೇ ಇನ್ನೊಂದು ಮನೆಗೆ ಹೋಗಬೇಕು. ಕೊಡುವವರಿಗೆ ನಷ್ಟವಿಲ್ಲದೆ ಕೊಡಿಸುವ ಬೆಳೆ ಇದು.

ಆದರೆ ಕೊಟ್ಟದ್ದು ಯಾವ ಮನೆಗೆ ಹೋಗುತ್ತದೆ ಎಂದು ಕೇಳಿದ ಕೂಡಲೆ ವಿಷಯ ಕಠಿಣವಾಗುತ್ತದೆ. ಹಿತ್ತಲಿನ ಹೆಚ್ಚುವರಿ ನೆಂಟರಿಗೆ, ಒಂದೇ ಜಾತಿಯವರಿಗೆ, ಸರೀಕರಿಗೆ ಹೋಗುವುದು ನಮ್ಮ ರೂಢಿ. ಬಾವಿಯ ನೀರನ್ನೂ ಬೇಯಿಸಿದ ಅನ್ನವನ್ನೂ ಯಾರು ಯಾರಿಂದ ತೆಗೆದುಕೊಳ್ಳಬಹುದು ಎಂದು ಗೆರೆ ಎಳೆದುಕೊಂಡು ಬಾಳಿದ ಸಮಾಜ ನಮ್ಮದು. ಆ ಗೆರೆಗಳು ನಗರಕ್ಕೆ ಬಂದ ಮಾತ್ರಕ್ಕೆ ಅಳಿಸಿಹೋಗಿಲ್ಲ. ಬಡಾವಣೆಯ ಬೀದಿ ಗುಡಿಸುವ ಪೌರಕಾರ್ಮಿಕರು, ಮನೆಗೆಲಸದ ಹೆಂಗಸರು, ಕಟ್ಟಡದ ಕಾವಲಿಗೆ ಶೆಡ್ಡಿನಲ್ಲಿರುವ ಕುಟುಂಬ, ಇವರು ಬಡಾವಣೆಯ ಜನವೇ ಅಲ್ಲವೇ? ನಿವೇಶನ ಇರುವವರ ಸಂಘವೊಂದು ತೋಟ ಮಾಡಿ, ತನ್ನ ಸದಸ್ಯರಲ್ಲೇ ಬದನೆಕಾಯಿ ಹಂಚಿಕೊಂಡರೆ ಅದನ್ನು ಸಮುದಾಯದ ತೋಟ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಒಳ್ಳೆಯತನವನ್ನು ನಂಬಿ ಬಿಟ್ಟರೆ ಹಂಚಿಕೆ ಪರಿಚಯದ ಹಾದಿಯಲ್ಲೇ ಹರಿಯುತ್ತದೆ. ಅದನ್ನು ಆಚೆಗೆ ತಿರುಗಿಸಲು ಕಟ್ಟಳೆ ಬೇಕು: ಮನೆಯ ಮಾಲೀಕತ್ವ ನೋಡದೆ ಸದಸ್ಯತ್ವ, ಪಾತಿ ಹಂಚಲು ಚೀಟಿ ಎತ್ತುವುದು, ಬಾಡಿಗೆದಾರರಿಗೂ ಕೆಲಸಗಾರರಿಗೂ ಸಮಿತಿಯಲ್ಲಿ ಜಾಗ.

ಇಂಥ ಕಟ್ಟಳೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಎಲಿನಾರ್ ಆಸ್ಟ್ರಮ್ ಅವರ ಸಂಶೋಧನೆ ಸಾಕ್ಷಿ. ಎಲ್ಲರಿಗೂ ಸೇರಿದ ನೆಲವನ್ನು ಎಲ್ಲರೂ ಕೂಡಿ ಹಾಳು ಮಾಡುತ್ತಾರೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದರು. ಆಸ್ಟ್ರಮ್ ಹಲವು ದೇಶಗಳ ನೀರಾವರಿ, ಮೀನುಗಾರಿಕೆ, ಹುಲ್ಲುಗಾವಲುಗಳ ವ್ಯವಸ್ಥೆಗಳನ್ನು ಪರಿಶೀಲಿಸಿ 1990ರ ಪುಸ್ತಕದಲ್ಲಿ ಬೇರೆ ಚಿತ್ರ ಕೊಟ್ಟರು; 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಯಾರು ಒಳಗಿನವರು ಎಂಬುದು ಸ್ಪಷ್ಟವಿದ್ದು, ನಿಯಮಗಳನ್ನು ಬಳಸುವವರೇ ಮಾಡಿ, ಅವರೇ ಕಾವಲು ಕಾದು, ತಪ್ಪಿಗೆ ಮೊದಲು ಚಿಕ್ಕ ದಂಡ ಆಮೇಲೆ ದೊಡ್ಡದು ಎಂದು ಇಟ್ಟುಕೊಂಡು, ಅವರ ಆಡಳಿತವನ್ನು ಸರ್ಕಾರ ಮಾನ್ಯ ಮಾಡಿದ ಕಡೆ ಸಾಮೂಹಿಕ ಸೊತ್ತು ತಲೆಮಾರುಗಟ್ಟಲೆ ಉಳಿದಿದೆ. ಕನ್ನಡನಾಡಿನವರಿಗೆ ಇದು ಹೊಸತಲ್ಲ. ಕೆರೆಯ ತೂಬೆತ್ತಿ ಯಾವ ಗದ್ದೆಗೆ ಎಷ್ಟು ನೀರು ಎಂದು ಬಿಡುತ್ತಿದ್ದ ನೀರುಗಂಟಿಗೆ ಸುಗ್ಗಿಯಲ್ಲಿ ಎಲ್ಲರ ಕಣದಿಂದ ಪಾಲು ಸಲ್ಲುತ್ತಿತ್ತು. ಆ ವ್ಯವಸ್ಥೆಯನ್ನು ಹೊಗಳುವಾಗ ಒಂದು ಎಚ್ಚರ ಬೇಕು: ನೀರು ಬಿಡುವ ಕೆಲಸ ಎಷ್ಟೋ ಕಡೆ ದಲಿತ ಮನೆತನಗಳ ಪಾಲಿಗಿತ್ತು, ನೀರುಣ್ಣುವ ಗದ್ದೆ ಮಾತ್ರ ಬೇರೆಯವರದಾಗಿತ್ತು. ಸರದಿ ಮತ್ತು ಕಾವಲಿನ ಶಿಸ್ತನ್ನು ಅಲ್ಲಿಂದ ಕಲಿಯೋಣ, ಯಾರು ದುಡಿಯಬೇಕು ಯಾರು ಉಣ್ಣಬೇಕು ಎಂಬ ಏರ್ಪಾಟನ್ನು ಬಿಡೋಣ.

ಇನ್ನು ನೆಲದ ಹಕ್ಕಿಗೆ ಬರುತ್ತೇನೆ. ನನ್ನ ವಾದದ ತೂಕವೆಲ್ಲ ಇರುವುದು ಇಲ್ಲಿ. 1894ರಲ್ಲಿ ಕೆಲಸವಿಲ್ಲದ ಜನರಿಂದ ತುಂಬಿದ್ದ ಡೆಟ್ರಾಯ್ಟ್ ನಗರದ ಮೇಯರ್ ಹೇಜನ್ ಪಿಂಗ್ರಿ ಖಾಲಿ ನಿವೇಶನಗಳನ್ನು ಬಡವರಿಗೆ ಆಲೂಗೆಡ್ಡೆ ಬೆಳೆಯಲು ಕೊಡಿಸಿದರು. ಕಷ್ಟದ ಕಾಲ ಕಳೆಯಿತು, ನೆಲ ಮಾಲೀಕರಿಗೆ ಮರಳಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದಲ್ಲಿ ಸುಮಾರು 2 ಕೋಟಿ ತೋಟಗಳೆದ್ದವು. ದೇಶದ ತಾಜಾ ತರಕಾರಿಯಲ್ಲಿ ಶೇ. 40ರಷ್ಟು ಅವುಗಳಿಂದ ಬಂತೆಂಬ ಅಂದಾಜಿದೆ. ಯುದ್ಧ ಮುಗಿದ ಮೇಲೆ ಅವೂ ಕರಗಿದವು. ಸಂಕಟ ಬಂದಾಗ ನಗರ ನೆಲವನ್ನು ಎರವಲು ಕೊಡುತ್ತದೆ, ನೆಲಕ್ಕೆ ಬೆಲೆ ಬಂದಾಗ ವಾಪಸು ಕೇಳುತ್ತದೆ. ಈ ಓಟ ಅತ್ಯಂತ ಸ್ಪಷ್ಟವಾಗಿ ಕಾಣುವುದು ನ್ಯೂಯಾರ್ಕಿನಲ್ಲಿ. 1970ರ ದಶಕದಲ್ಲಿ ಆ ನಗರ ದಿವಾಳಿಯ ಅಂಚಿಗೆ ಬಂದಿತ್ತು. ತೆರಿಗೆ ಕಟ್ಟದ ಮನೆಗಳು ಸುಟ್ಟೋ ಕುಸಿದೋ ಸಾವಿರಾರು ಖಾಲಿ ಜಾಗಗಳು ಕಸದ ತಿಪ್ಪೆಯಾಗಿದ್ದವು. 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಗೆಳೆಯರೊಡನೆ ಬೌರಿ ಮತ್ತು ಹೌಸ್ಟನ್ ಬೀದಿಗಳು ಕೂಡುವಲ್ಲಿ ಅಂಥದೊಂದು ಜಾಗ ಹಸನು ಮಾಡಿ ತರಕಾರಿ ಹಾಕಿದರು. ಮರುವರ್ಷ ನಗರ ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಅದನ್ನು ಅವರಿಗೇ ಬಿಟ್ಟಿತು. 1978ರಲ್ಲಿ ಗ್ರೀನ್‌ಥಂಬ್ ಎಂಬ ಯೋಜನೆ ಬಂದು ನೂರಾರು ತೋಟಗಳಿಗೆ ಇಂಥ ತಾತ್ಕಾಲಿಕ ಗುತ್ತಿಗೆ ಸಿಕ್ಕಿತು. ಪೋರ್ಟೊ ರಿಕೊದಿಂದ ಬಂದವರು, ಕಪ್ಪು ಜನಾಂಗದವರು, ಚೀನೀಯರು ತಂತಮ್ಮ ಊರಿನ ಸೊಪ್ಪು, ಮೆಣಸು, ಬೀನ್ಸು ಬೆಳೆದರು. ಅದರಿಂದ ಬೀದಿಗಳು ಸುಧಾರಿಸಿದವು. ಬೀದಿ ಸುಧಾರಿಸಿದ್ದೇ ತೋಟಗಳಿಗೆ ಮುಳುವಾಯಿತು.

1999ರಲ್ಲಿ ಮೇಯರ್ ರುಡಾಲ್ಫ್ ಜೂಲಿಯಾನಿಯವರ ಆಡಳಿತ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟಿತು. ಇಪ್ಪತ್ತು ವರ್ಷ ಮಣ್ಣು ಹದ ಮಾಡಿದವರ ಕೈಯಲ್ಲಿದ್ದದ್ದು ರದ್ದು ಮಾಡಬಹುದಾದ ಕಾಗದ. ಪ್ರತಿಭಟನೆ, ಮೊಕದ್ದಮೆಗಳ ನಡುವೆ, ಹರಾಜಿಗೆ ಸ್ವಲ್ಪ ಮೊದಲು, ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಹಾಗೂ ನಟಿ ಬೆಟ್ ಮಿಡ್ಲರ್ ಸ್ಥಾಪಿಸಿದ ನ್ಯೂಯಾರ್ಕ್ ರೆಸ್ಟೊರೇಷನ್ ಪ್ರಾಜೆಕ್ಟ್ ಸುಮಾರು 42 ಲಕ್ಷ ಡಾಲರ್ ಕೊಟ್ಟು ಅವನ್ನು ಕೊಂಡು ಉಳಿಸಿದವು. ಎಲ್ಲ ತೋಟಗಳಿಗೂ ಆ ಅದೃಷ್ಟ ಇರಲಿಲ್ಲ. 2000ದ ಫೆಬ್ರವರಿಯಲ್ಲಿ ಎಸ್ಪೆರಾನ್ಸಾ ಎಂಬ ಹಳೆಯ ತೋಟವನ್ನು ಬುಲ್ಡೋಜರ್ ನೆಲಸಮ ಮಾಡಿತು. ತೋಟಗಳನ್ನು ಮುಟ್ಟಬಾರದೆಂಬ ನ್ಯಾಯಾಲಯದ ತಡೆ ಬಂದದ್ದು ಅದೇ ದಿನ. 2002ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಮತ್ತು ಹೊಸ ಮೇಯರ್ ನಡುವೆ ಒಪ್ಪಂದವಾಗಿ ನೂರಾರು ತೋಟಗಳು ಉಳಿದವು, ಕೆಲವು ಮನೆಗಳಿಗೆ ಹೋದವು. ತೋಟ ತೆಗೆಯುವ ಮೊದಲು ಪರಿಶೀಲನೆ ಆಗಬೇಕು, ಬದಲಿ ಜಾಗ ತೋರಿಸಬೇಕು ಎಂಬ ಕ್ರಮವೂ ಬಂತು. ಇಂದು ಆ ನಗರದಲ್ಲಿ 550ಕ್ಕೂ ಹೆಚ್ಚು ತೋಟಗಳಿವೆ. ಅವು ಉಳಿದದ್ದು ಸುಂದರವಾಗಿದ್ದುದರಿಂದ ಅಲ್ಲ. ಎಸ್ಪೆರಾನ್ಸಾ ಕೂಡ ಸುಂದರವಾಗಿತ್ತು. ಒಂದಕ್ಕೆ ದಾಖಲೆ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ.

ಬ್ರಿಟನ್ ಇದನ್ನು ಬಹಳ ಮೊದಲೇ ಕಾನೂನಿಗೆ ತಂದಿತು. ಊರೊಟ್ಟಿನ ನೆಲಗಳಿಗೆ ಬೇಲಿ ಹಾಕಿ ಖಾಸಗಿ ಮಾಡಿದ್ದರಿಂದ ಬಡವರಿಗೆ ಹಿಡಿ ಮಣ್ಣಿಲ್ಲವಾಯಿತು ಎಂಬ ನೋವೇ ಅದರ ಮೂಲ. 1908ರ ಕಾಯಿದೆ ಬೇಡಿಕೆ ಇರುವಲ್ಲಿ ತರಕಾರಿ ತುಂಡುಗಳನ್ನು ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹಾಕಿತು. ಇದಕ್ಕೆಂದೇ ಕೊಂಡ ನೆಲವನ್ನು ಮಂತ್ರಿಯ ಒಪ್ಪಿಗೆ ಇಲ್ಲದೆ ಮಾರಬಾರದೆಂದಿತು 1925ರ ಕಾಯಿದೆ. ಕಾನೂನಿದ್ದೂ ಯುದ್ಧಕಾಲದ ಸುಮಾರು 14 ಲಕ್ಷ ತುಂಡುಗಳು ಈಗ 3 ಲಕ್ಷದ ಆಸುಪಾಸಿಗೆ ಇಳಿದಿವೆಯಲ್ಲ ಎಂದು ನೀವು ಕೇಳಬಹುದು. ನಿಜ. ಯುದ್ಧಕ್ಕೆಂದು ತಾತ್ಕಾಲಿಕವಾಗಿ ಎತ್ತಿಕೊಂಡ ನೆಲಕ್ಕೆ ಆ ರಕ್ಷಣೆ ಇರಲಿಲ್ಲ, ಜನರ ಆಸಕ್ತಿಯೂ ಇಳಿದಿತ್ತು. ಆದರೆ ಆಸಕ್ತಿ ಮರಳಿ ಬಂದಾಗ ಕೊಡಲು ಏನಾದರೂ ಉಳಿದಿದ್ದರೆ ಅದು ಕಾಯಿದೆಯ ಬೇಲಿಯೊಳಗಿನ ನೆಲದಿಂದಾಗಿ.

ನಮ್ಮಲ್ಲಿ? ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ಹೊಸ ಬಡಾವಣೆಯ ನೆಲದಲ್ಲಿ ಶೇ. 15ನ್ನು ಉದ್ಯಾನ ಮತ್ತು ಆಟದ ಬಯಲಿಗೆ, ಇನ್ನೂ ಶೇ. 10ನ್ನು ನಾಗರಿಕ ಸೌಲಭ್ಯಗಳಿಗೆ ಬಿಡಬೇಕೆನ್ನುತ್ತದೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ರಕ್ಷಣೆಗೆ 1985ರ ರಾಜ್ಯ ಕಾಯಿದೆ ಇದೆ. ಹಳ್ಳಿಯ ಕಂದಾಯ ದಾಖಲೆಯಲ್ಲಿ ಗೋಮಾಳಕ್ಕೆ, ಗುಂಡುತೋಪಿಗೆ ಹೆಸರಿದೆ. ಜನ ಕೂಡಿ ತರಕಾರಿ ಬೆಳೆಯುವ ನಗರದ ನೆಲಕ್ಕೆ ಎಲ್ಲಿಯೂ ಹೆಸರಿಲ್ಲ. ಹೆಸರಿಲ್ಲದ್ದನ್ನು ಕಾಪಾಡಲು ಯಾವ ಅಧಿಕಾರಿಗೂ ಆಗದು, ಅವರಿಗೆ ಮನಸ್ಸಿದ್ದರೂ ಸಹ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಎಲ್ಲರ ಉದ್ಯಾನವನ್ನು ಕೆಲವರ ಬದನೆ ಪಾತಿ ಮಾಡುವುದು ಸರಿಯೇ? ಸರಿಯಲ್ಲ. ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಬೆಂಗಳೂರಿನ ನಿವಾಸಿಗಳೇ ಹೋರಾಡಿ 1991ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಆ ಹಂಚಿಕೆಯನ್ನು ರದ್ದು ಮಾಡಿಸಿದರು. ಆ ತೀರ್ಪಿನ ಬಲವನ್ನು ಕುಂದಿಸುವ ಯಾವುದನ್ನೂ ನಾನು ಕೇಳಲಾರೆ. ಆಟದ ಬಯಲನ್ನು ಮುಟ್ಟಬಾರದು. ಹೈಟೆನ್ಷನ್ ತಂತಿಯ ಕೆಳಗೆ ಮನೆ ಕಟ್ಟಲಾಗದ ಪಟ್ಟಿ, ನೀರಿನ ಟ್ಯಾಂಕಿನ ಆವರಣ, ವರ್ಷಗಟ್ಟಲೆ ಬೇಲಿ ಹಾಕಿ ಬಿಟ್ಟ ಸಾರ್ವಜನಿಕ ನಿವೇಶನ, ಶಾಲೆ ಅಂಗನವಾಡಿಗಳ ಹಿಂದಿನ ಜಾಗ, ಇಂಥವು ಬೇಕಾದಷ್ಟಿವೆ. ಶಾಲೆಯ ಪೌಷ್ಟಿಕ ತೋಟಕ್ಕೂ ಇದರಿಂದ ಒಂದು ಅನುಕೂಲವಿದೆ. ಮಕ್ಕಳು ಬೇಸಿಗೆ ರಜೆಗೆ ಹೋದಾಗ ನೀರು ಹಾಕುವವರಿಲ್ಲದೆ ಒಣಗುವ ಗಿಡಗಳಿಗೆ ನೆರೆಹೊರೆಯವರ ಸರದಿ ನೀರುಣಿಸುತ್ತದೆ. ಬದಲಿಗೆ ಅರ್ಧ ಪಾತಿ ಅವರದು, ಉಳಿದರ್ಧ ಬಿಸಿಯೂಟಕ್ಕೆ.

ನೀರಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸುಮಾರು ನೂರು ಕಿಲೊಮೀಟರ್ ದೂರದಿಂದ ಎತ್ತರಕ್ಕೆ ಪಂಪು ಮಾಡಿ ತಂದ ಕಾವೇರಿ ನೀರನ್ನು ಹರಿವೆ ಸೊಪ್ಪಿಗೆ ಸುರಿಯುವುದು ಅನ್ಯಾಯ. 2024ರ ಮಾರ್ಚಿನಲ್ಲಿ ಬರ ಬಿಗಿದಾಗ ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ ಬಳಸದಂತೆ ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದ್ದು ಸರಿಯಾದ ಕ್ರಮ. ಬಿಸಿಲಿನ ದಿನ ತರಕಾರಿ ಮಡಿಗೆ ಚದರ ಮೀಟರಿಗೆ ನಾಲ್ಕೈದು ಲೀಟರ್ ಬೇಕು; ನೂರು ಚದರ ಮೀಟರಿನ ತೋಟಕ್ಕೆ ದಿನಕ್ಕೆ 400-500 ಲೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಕುಟುಂಬದ ಬಳಕೆಯಷ್ಟು. ಅದನ್ನು ನಲ್ಲಿಯಿಂದ ತರಬಾರದು ಎಂದು ಕರಾರಿನಲ್ಲೇ ಬರೆಯಬೇಕು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ನೂರು ಚದರ ಮೀಟರ್ ತಾರಸಿಯ ಮೇಲೆ ಬೀಳುವ ನೀರು ವರ್ಷಕ್ಕೆ 97,000 ಲೀಟರ್. ಎಲ್ಲವನ್ನೂ ಹಿಡಿಯಲಾಗದು. ಆದರೆ ಪಕ್ಕದ ನಾಲ್ಕಾರು ತಾರಸಿಗಳ ನೀರನ್ನು ಒಂದು ತೊಟ್ಟಿಗೆ ತಂದರೆ, ಮಡಿಗಳಿಗೆ ಎಲೆಕಸದ ಹೊದಿಕೆ ಹಾಕಿದರೆ, ಹೆಚ್ಚಿನ ತಿಂಗಳುಗಳು ಸಾಗುತ್ತವೆ. ಉಳಿದ ಬೇಸಿಗೆಗೆ ಅಪಾರ್ಟ್‌ಮೆಂಟುಗಳ ಶುದ್ಧೀಕರಿಸಿದ ನೀರಿದೆ. ಅದನ್ನು ಹನಿ ಕೊಳವೆಯಲ್ಲಿ ನುಗ್ಗೆ, ಪಪ್ಪಾಯಿ, ಬದನೆಗಳಿಗೆ ಕೊಡಬಹುದು, ಹಸಿಯಾಗಿ ತಿನ್ನುವ ಎಲೆಗಳಿಗೆ ಕೊಡಬಾರದು. ಅದೂ ಇಲ್ಲದ ವರ್ಷ ಪಾತಿಗಳು ಪಾಳು ಬೀಳಲಿ. ಪಾಳು ಬಿಡುವುದೂ ಬೇಸಾಯದ ಒಂದು ಕ್ರಮವೇ.

ನಗರದ ಮಣ್ಣಿನಲ್ಲಿ ವಿಷವಿದೆ ಎಂಬ ಮಾತಿಗೂ ಆಧಾರವಿದೆ. ಸೀಸ ಬೆರೆತ ಪೆಟ್ರೋಲ್ ನಮ್ಮ ದೇಶದಲ್ಲಿ ನಿಂತದ್ದು 2000ದಲ್ಲಿ. ಹಳೆಯ ಬಣ್ಣ, ರಸ್ತೆಯ ದೂಳುಗಳಿಂದ ಇಳಿದ ಸೀಸ ಮಣ್ಣಿನಿಂದ ಹೋಗುವುದಿಲ್ಲ. ಕಾಯಿಗಳಿಗಿಂತ ಎಲೆ ಮತ್ತು ಗೆಡ್ಡೆಗಳು ಅದನ್ನು ಹೆಚ್ಚು ಸೇರಿಸಿಕೊಳ್ಳುತ್ತವೆ. ಆದ್ದರಿಂದ ಮಣ್ಣು ಪರೀಕ್ಷೆ ಮೊದಲು, ಬೀಜ ಆಮೇಲೆ. ಸಂಶಯವಿರುವಲ್ಲಿ ಎತ್ತರದ ಮಡಿ ಕಟ್ಟಿ ಹೊಸ ಮಣ್ಣು ತುಂಬಬೇಕು, ಬಡಾವಣೆಯ ಹಸಿ ಕಸವನ್ನೇ ಗೊಬ್ಬರ ಮಾಡಿ ಅದಕ್ಕೆ ಸೇರಿಸಬೇಕು. ಬೆಂಗಳೂರಿನ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ ಆಗಿರುವುದರಿಂದ ಗೊಬ್ಬರಕ್ಕೆ ಕೊರತೆ ಬಾರದು. ಕೋಲಾರ, ಚಿಕ್ಕಬಳ್ಳಾಪುರದ ರೈತರ ವ್ಯಾಪಾರ ಇದರಿಂದ ಕೆಡುತ್ತದೆ ಎಂಬ ಆತಂಕಕ್ಕೆ ಮೊದಲೇ ಕೊಟ್ಟ ಲೆಕ್ಕ ಸಾಕು: ಇಷ್ಟು ಚಿಕ್ಕ ತೋಟಗಳು ಯಾರ ಮಾರುಕಟ್ಟೆಯನ್ನೂ ಕಸಿಯಲಾರವು.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಮನೆಯದು. ಸೂರಿಲ್ಲದವರಿರುವ ನಗರದಲ್ಲಿ ಸೋರೆಕಾಯಿಗೆ ನೆಲವೇ ಎಂದು ನ್ಯೂಯಾರ್ಕಿನ ಆಡಳಿತ ಕೇಳಿತ್ತು. ಬಡವರಿಗೆ ಮನೆ ಕಟ್ಟಲು ನಿಜವಾಗಿ ನೆಲ ಬೇಕಾದರೆ, ಬೇರೆ ನೆಲ ಇಲ್ಲವೇ ಇಲ್ಲ ಎಂದು ತೋರಿಸಿದರೆ, ತೋಟ ಸರಿದು ನಿಲ್ಲಬೇಕು. ಇದನ್ನು ನಾನು ಒಪ್ಪುತ್ತೇನೆ. ಆದರೆ ಹರಾಜು ಆ ಖಾತರಿ ಕೊಡುವುದಿಲ್ಲ. ಹೆಚ್ಚು ಬೆಲೆ ಕೂಗಿದವರು ಯಾರಿಗೆ ಮನೆ ಕಟ್ಟುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಇದರ ಇನ್ನೊಂದು ಮುಖವೂ ಇದೆ. ನ್ಯೂಯಾರ್ಕಿನ ಮನೆ ಮಾರಾಟಗಳನ್ನು ಅಭ್ಯಾಸ ಮಾಡಿ 2008ರಲ್ಲಿ ಪ್ರಕಟವಾದ ವೊಯ್ಕು ಮತ್ತು ಬೀನ್ ಅವರ ಅಧ್ಯಯನದ ಪ್ರಕಾರ, ತೀರಾ ಬಡ ಪ್ರದೇಶಗಳಲ್ಲಿ ತೋಟ ಶುರುವಾದ ಐದು ವರ್ಷದೊಳಗೆ ಸುತ್ತಲಿನ ಮನೆಗಳ ಬೆಲೆ 9.4 ಶೇಕಡಾಂಶದಷ್ಟು ಏರಿತ್ತು. ತೋಟದ ಪರವಾದವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಬಾಡಿಗೆದಾರರ ಕಡೆಯಿಂದ ನೋಡಿದರೆ ಇದೇ ಸಂಖ್ಯೆ ಬೆದರಿಕೆ: ಮಣ್ಣು ಹೊತ್ತವರ ಬಾಡಿಗೆ ಏರುತ್ತದೆ, ಅವರು ಬೇರೆ ಕಡೆಗೆ ಹೋಗುತ್ತಾರೆ, ಚಪ್ಪರ ಹೊಸಬರಿಗೆ ಉಳಿಯುತ್ತದೆ. ಇದಕ್ಕೆ ತೋಟವೊಂದರಿಂದ ಪೂರ್ತಿ ಪರಿಹಾರವಿಲ್ಲ, ಬಾಡಿಗೆಯ ಕಾನೂನು ಬೇರೆಯೇ ಹೋರಾಟ. ಆದರೂ ಒಂದು ಕೆಲಸ ಮಾಡಬಹುದು. ಪಾತಿಯ ಹಕ್ಕನ್ನು ಮನೆಗೆ ಅಂಟಿಸದೆ ವ್ಯಕ್ತಿಗೆ ಅಂಟಿಸಬೇಕು. ಮನೆ ಬದಲಿಸಿ ಪಕ್ಕದ ವಾರ್ಡಿಗೆ ಹೋದ ಬಾಡಿಗೆದಾರರು ಬಯಸಿದರೆ ಪಾತಿಯನ್ನು ಉಳಿಸಿಕೊಳ್ಳುವಂತಿರಬೇಕು.

ಹಾಗಾದರೆ ಆ ಕರಾರಿನಲ್ಲಿ ಏನಿರಬೇಕು? ನಗರಪಾಲಿಕೆ ಒಂದು ಕಡೆ, ನೋಂದಾಯಿತ ತೋಟದ ಸಂಘ ಇನ್ನೊಂದು ಕಡೆ. ವರ್ಷ ವರ್ಷದ ಪರವಾನಗಿಯ ಬದಲು ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಅವಧಿ. ಹರಿವೆ, ಬೆಂಡೆ, ಅವರೆಯಂಥ ಬೆಳೆಗೆ ಒಬ್ಬೊಬ್ಬರಿಗೊಂದು ಪಾತಿ ಕೊಟ್ಟು, ಬೇಲಿಯ ಸಾಲಿನ ನುಗ್ಗೆ, ಕರಿಬೇವು, ಸೀಮೆಬದನೆ ಚಪ್ಪರವನ್ನು ಎಲ್ಲರ ಪಾಲಿಗೆ ಬಿಡುವುದು ಒಳ್ಳೆಯದು. ಎಲ್ಲವೂ ಒಟ್ಟಿಗೆಂದರೆ ಕಳೆ ಕೀಳುವವರು ಮೂವರಾಗುತ್ತಾರೆ, ಎಲ್ಲವೂ ಬೇರೆ ಬೇರೆ ಎಂದರೆ ತೋಟ ಮತ್ತೆ ಕಾಂಪೌಂಡುಗಳ ಸಾಲಾಗುತ್ತದೆ. ಒಟ್ಟು ಪಾಲಿನಲ್ಲಿ ಮೊದಲ ಭಾಗ ಅಂಗನವಾಡಿಗೆ, ಆಮೇಲೆ ಗೇಟಿನ ಬಳಿಯ ಬುಟ್ಟಿಗೆ. ಬುಟ್ಟಿಯಿಂದ ಯಾರೂ ಹೇಳದೆ ಕೇಳದೆ ಒಯ್ಯಬಹುದು. ನ್ಯೂಯಾರ್ಕಿನಲ್ಲಿ ಇರುವಂತೆ ವಾರದಲ್ಲಿ ನಿಗದಿತ ಹೊತ್ತು ಗೇಟು ಸಾರ್ವಜನಿಕರಿಗೆ ತೆರೆದಿರಲೇಬೇಕು. ಮೂರು ತಿಂಗಳು ಕೈ ಹಾಕದ ಪಾತಿ ಕಾಯುವವರ ಪಟ್ಟಿಗೆ ಹೋಗಬೇಕು, ಆದರೆ ಬಾಣಂತಿ, ರೋಗಿ, ದೂರದ ಕೆಲಸಕ್ಕೆ ಹೋದವರ ಪಾತಿಯನ್ನು ಉಳಿದವರು ಸರದಿಯಲ್ಲಿ ನೋಡಿಕೊಳ್ಳಬೇಕು.

ಕೊನೆಯದಾಗಿ, ನೆಲ ವಾಪಸು ಕೇಳುವ ಕಲಮು. ಅದನ್ನು ಬಿಟ್ಟು ಬರೆದರೆ ಯಾವ ಪಾಲಿಕೆಯೂ ಸಹಿ ಹಾಕದು, ಹಾಕಬಾರದು ಕೂಡ. ಬ್ರಿಟನ್ನಿನ 1950ರ ಕಾಯಿದೆ ತರಕಾರಿ ತುಂಡು ಬಿಡಿಸಲು ಹನ್ನೆರಡು ತಿಂಗಳ ನೋಟಿಸು ಕೇಳುತ್ತದೆ. ಆ ನೋಟಿಸು ಏಪ್ರಿಲ್ 6ರೊಳಗೆ ಅಥವಾ ಸೆಪ್ಟೆಂಬರ್ 29ರಂದು ಇಲ್ಲವೇ ಅದರ ನಂತರ ಮುಗಿಯಬೇಕು, ನಡುವೆ ನಿಂತ ಬೆಳೆಯನ್ನು ಯಾರೂ ಕೀಳಿಸಬಾರದು. ನಮ್ಮ ಕಾಲಮಾನಕ್ಕೆ ಇದನ್ನು ತಿರುಗಿಸಿ ಬರೆಯಬೇಕು. ಮುಂಗಾರಿನ ಮೊದಲ ಬಿತ್ತನೆಯಿಂದ ಅವರೆಯ ಸೊಗಡು ಮುಗಿಯುವ ತನಕ, ಅಂದರೆ ಜೂನ್‌ನಿಂದ ಫೆಬ್ರವರಿವರೆಗೆ ತೆರವು ಇಲ್ಲ. ವರ್ಷದ ನೋಟಿಸು ಮಾರ್ಚಿನಿಂದ ಮೇ ನಡುವೆಯೇ ಕೊನೆಗೊಳ್ಳಬೇಕು. ಅದೇ ವಾರ್ಡಿನಲ್ಲಿ ಅಷ್ಟೇ ಅಳತೆಯ ಬದಲಿ ನೆಲವನ್ನು, ನೀರಿನ ತೊಟ್ಟಿ ಸಮೇತ, ತೆರವಿಗೆ ಮೊದಲೇ ಸಿದ್ಧ ಮಾಡಿಕೊಡಬೇಕು. ಹತ್ತು ವರ್ಷದ ಗೊಬ್ಬರದಿಂದ ಹದವಾದ ಮೇಲಿನ ಒಂದಡಿ ಮಣ್ಣು ಬೆಳೆದವರದು ಎಂದು ಸ್ಪಷ್ಟವಾಗಿ ನಮೂದಿಸಬೇಕು. ಅದನ್ನು ಹೊಸ ಜಾಗಕ್ಕೆ ಸಾಗಿಸುವ ಲಾರಿ ಬಾಡಿಗೆ ಪಾಲಿಕೆಯ ಲೆಕ್ಕದಲ್ಲಿ ಇರಬೇಕು.